ಬೂದಿ ಮುಚ್ಚಿದ ಪ್ರೊಸೆಸರ್

ಕುವೆಂಪುನಗರದ ಆ ಮನೆಯ ಗೇಟಿನ ಹೊರಗೆ ನಿಂತು ಕೇಳಿಸಿಕೊಂಡವರಿಗೆ ಒಳಗೊಂದು ಸಣ್ಣ ಸಂತೆಯೇ ನೆರೆದಿದೆ ಅನ್ನಿಸುತ್ತಿತ್ತು. ಸಿಟಿ ಬಸ್ಸಿನ ಕಂಡಕ್ಟರೊಬ್ಬ ‘ಕಾಂಪ್ಲೆಕ್ಸ್ ಯಾರ್ರೀ, ಮುಂದೆ ಬನ್ನಿ, ಬಾಗ್ಲಲ್ಲೇ ಮನೆ ಕಟ್ಬೇಡಿ’ ಎನ್ನುವನು. ಕಾಲೇಜಿನ ಪ್ರಿನ್ಸಿಪಾಲರು ಮೂಗಿನಲ್ಲೇ ನೋಟಿಸು ಓದುವರು. ಪಕ್ಕದ ಮನೆಯ ತಿಮ್ಮಮ್ಮನವರು ಸೊಪ್ಪಿನವಳ ಜೊತೆ ಚೌಕಾಸಿ ಮಾಡುವರು. ನಡುನಡುವೆ ಕುಕ್ಕರ್ ಬೇರೆ ಕೂಗುವುದು. ಇಷ್ಟೂ ಜನ, ಕುಕ್ಕರಿನ ಸಮೇತ, ಮಹೇಶ ಒಬ್ಬನೇ. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗ. ಓದುತ್ತಿದ್ದದ್ದು ಭೌತಶಾಸ್ತ್ರ, ಪಾಸಾಗಿದ್ದದ್ದು ಧ್ವನಿಶಾಸ್ತ್ರ. ಅವನ ಕುಕ್ಕರ್ ಕೂಗಿಗೆ ಮೋಸಹೋದ ತಾಯಿ ಸಿದ್ದಲಿಂಗಮ್ಮ ಎಷ್ಟೋ ಸಲ ಒಲೆ ಆರಿಸಿ, ಬೇಯದ ಬೇಳೆಯ ಸಾರನ್ನು ಮನೆಮಂದಿಗೆಲ್ಲ ಬಡಿಸಿದ್ದುಂಟು.

ಅವನಿಗೆ ದಕ್ಕದ ದನಿ ಮನೆಯಲ್ಲಿ ಒಂದೇ ಇತ್ತು. ಅದು ಅತ್ತಿಗೆ ಹೇಮಶ್ರೀಯದು. ಹೊರಊರಲ್ಲಿ ನೌಕರಿಯಲ್ಲಿದ್ದ ಅಣ್ಣ ವಿಶ್ವನಾಥನ ಹೆಂಡತಿ, ಕನ್ನಡ ಎಂ.ಎ., ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಡಿ.ಟಿ.ಪಿ. ಮಾಡುತ್ತಿದ್ದವಳು. ಅವಳ ಮಾತಿನಲ್ಲಿ ಹಿಡಿದುಕೊಳ್ಳುವುದಕ್ಕೆ ಹಿಡಿಯೇ ಇರಲಿಲ್ಲ. ರಾಗವಿಲ್ಲ, ಬಾಯಿಗೆ ಅಂಟಿದ ಮಾತಿಲ್ಲ, ಸಿಟ್ಟು ಬಂದಾಗ ಏರುವುದಿಲ್ಲ, ಸಂತೋಷಕ್ಕೆ ಎಳೆಯುವುದಿಲ್ಲ. ಮಹೇಶ ಒಂದು ವರ್ಷ ಕಿವಿ ಕೊಟ್ಟು ಕೂತು ಕೊನೆಗೆ ಕೈಬಿಟ್ಟಿದ್ದ. ‘ಅತ್ಗೆ, ನೀವು ನೀರಿದ್ದಂಗೆ. ಗಾಳ ಹಾಕ್ಬೋದು, ಗಂಟು ಹಾಕಕ್ಕಾಗಲ್ಲ’ ಅಂದಿದ್ದ. ಅವಳು ‘ಹೂಂ’ ಅಂದಿದ್ದಳು. ಆ ‘ಹೂಂ’ ಕೂಡ ಅವನಿಗೆ ಬರಲಿಲ್ಲ.

ಹೊಸ ಶತಮಾನ ಬಂದು ಎರಡನೆಯ ದಸರಾ. ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಪುಸ್ತಕ ಬೆಳೆಯುತ್ತಿತ್ತು. ಮಹದೇವು ಮೇಷ್ಟ್ರು ಎಂಬ ನಿವೃತ್ತ ಉಪಾಧ್ಯಾಯರು ತಿ. ನರಸೀಪುರದ ಸುತ್ತಿನ ಹಳ್ಳಿಗಳಲ್ಲಿ ಸೈಕಲ್ ತುಳಿದು ಕೂಡಿಹಾಕಿದ್ದ ಬೇಸಾಯದ ಮಾತುಗಳ ಕೋಶ ಅದು. ನೊಗ, ಕೂರಿಗೆ, ಮೇಳಿ, ಮಿಣಿ, ಒಂದೊಂದಕ್ಕೂ ಅರ್ಥ, ಒಂದೊಂದಕ್ಕೂ ಚಿತ್ರ. ಮೇಷ್ಟ್ರ ಕೈಬರಹವೋ, ಇರುವೆ ಮಸಿಯಲ್ಲಿ ಬಿದ್ದು ಮನೆ ಹುಡುಕಿಕೊಂಡು ಹೋದ ಹಾಗೆ. ಹೇಮಶ್ರೀ ಆರು ತಿಂಗಳಿಂದ ಅದನ್ನು ಬಿಡಿಸಿ, ಅನುಮಾನ ಬಂದಲ್ಲೆಲ್ಲ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿ, ಪರದೆಯ ಮೇಲೇ ತಿದ್ದಿ ಪುಟ ಕಟ್ಟಿದ್ದಳು. ರಾಜ್ಯೋತ್ಸವಕ್ಕೆ ಬಿಡುಗಡೆ. ವಿಜಯದಶಮಿಯ ದಿನ ಪುಟಗಳನ್ನೆಲ್ಲ ಅಚ್ಚಿಗೆ ಕೊಡುವ ತೆಳ್ಳನೆಯ ಬಟರ್ ಪೇಪರಿನ ಮೇಲೆ ತೆಗೆದು, ಮಾರನೆಯ ಬೆಳಗ್ಗೆ ಪ್ರೆಸ್ಸಿಗೆ ಮುಟ್ಟಿಸಬೇಕು. ಅಷ್ಟು ದಿನ ಅವಳು ಜೋಡಿಸಿದ್ದು ಲಗ್ನಪತ್ರಿಕೆ, ತಿಥಿ ಕಾರ್ಡು, ಕಿರಾಣಿ ಅಂಗಡಿಯ ಕರಪತ್ರ. ಅದರಲ್ಲೆಲ್ಲ ಜೋಡಿಸಿದವರ ಹೆಸರು ಯಾರು ಹಾಕುತ್ತಾರೆ. ಈ ಪುಸ್ತಕದ ಎರಡನೇ ಪುಟದ ಕೆಳಗೆ ಮೇಷ್ಟ್ರು ತಾವೇ ಹೇಳಿ ಹಾಕಿಸಿದ ಒಂದು ಸಾಲಿತ್ತು. ‘ಅಕ್ಷರ ಜೋಡಣೆ, ಪುಟ ವಿನ್ಯಾಸ: ಹೇಮಶ್ರೀ.’ ಆ ಸಾಲನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಮಹೇಶ ಕದ್ದು ನೋಡಿದ್ದ. ಬೇರೆ ಸಾಲುಗಳಿಗಿಂತ ಅದಕ್ಕೆ ಸುತ್ತ ಸ್ವಲ್ಪ ಹೆಚ್ಚು ಜಾಗ ಬಿಟ್ಟಿದ್ದಳು.

ಜೋಡಿಸಿದ ಈ ಪುಸ್ತಕಕ್ಕೆ ಕಂಪ್ಯೂಟರಿನ ಹೊರಗೆ ಬೇರೆ ಪ್ರತಿ ಇರಲಿಲ್ಲ. ನಕಲು ತೆಗೆಯಬೇಕಾದ ಫ್ಲಾಪಿ ಡ್ರೈವ್ ಕೆಟ್ಟು ಕೂತಿತ್ತು. ಹೊಸದು ತರುವ ಹೊಣೆ ಮಹೇಶನದು. ಅತ್ತಿಗೆ ಕೇಳಿದಾಗಲೆಲ್ಲ ಅವನು ಮೂಗು ಹಿಡಿದು, ರೈಲ್ವೆ ಸ್ಟೇಷನ್ನಿನ ಹೆಂಗಸಾಗಿ, ‘ಪ್ರಯಾಣಿಕರ ಗಮನಕ್ಕೆ. ದೇವರಾಜ ಅರಸು ರಸ್ತೆಯಿಂದ ಕುವೆಂಪುನಗರಕ್ಕೆ ಬರಬೇಕಾದ ಫ್ಲಾಪಿ ಡ್ರೈವ್ ಒಂದು ದಿನ ತಡವಾಗಿ ಚಲಿಸುತ್ತಿದೆ’ ಎನ್ನುವನು. ಅವಳು ನಕ್ಕುಬಿಡುವಳು. ನಗಿಸಿದಲ್ಲಿಗೆ ಸಾಲ ತೀರಿತೆಂದು ಅವನು ಮರೆತುಬಿಡುವನು.

ಇದೆಲ್ಲ ಹೀಗಿರುವಾಗ ರಾಮಕೃಷ್ಣನಗರದ ಅಭಿಲಾಷ್ ಕ್ಯಾಂಟೀನಿನಲ್ಲಿ ಒಂದು ಮಾತು ಆಡಿದ. ಮಹೇಶನ ಸಹಪಾಠಿ, ಕಂಪ್ಯೂಟರ್ ಪತ್ರಿಕೆಗಳನ್ನು ಊಟಕ್ಕೆ ಉಪ್ಪಿನಕಾಯಿ ನೆಂಚಿಕೊಂಡ ಹಾಗೆ ಓದುವವನು.

‘ನಿಮ್ಮನೇಲಿರೋ ಚಿಪ್ಪು, ನಮ್ಮನೇಲಿರೋ ಚಿಪ್ಪು ಒಂದೇ ಮಗಾ. ವೇಗ ಮುನ್ನೂರು ಅಂತ ಬರೆದಿದಾರೆ, ಅಷ್ಟೇ. ಕಂಪನಿಯವ್ರು ಬೇಕಂತ್ಲೇ ಕಟ್ಟಾಕಿರ್ತಾರೆ. ಹಗ್ಗ ಬಿಚ್ಬುಟ್ರೆ ನಾನೂರೈವತ್ತಕ್ಕೆ ಓಡತ್ತೆ.’

‘ನಿಂದು ಓಡ್ತಿದ್ಯಾ?’

‘ಓಡ್ತಿದ್ಯಾ ಅಂತ ಕೇಳ್ತೀಯಲ್ಲೋ. ಹಿಡಿಯಕ್ಕಾಗ್ತಿಲ್ಲ.’

ಆಯುಧಪೂಜೆಗೆ ಎರಡು ದಿನ ಮುಂಚೆ ಹೇಮಶ್ರೀ ನಂಜನಗೂಡಿನ ತವರಿಗೆ ಹೋದಳು. ಅವಳ ಬಸ್ಸು ಹೊರಡುವ ಹೊತ್ತಿಗೆ ಮಹೇಶ ಕಂಪ್ಯೂಟರಿನ ಬಸ್ಸಿಗೆ ಕೈಹಾಕಿದ್ದ. ಒಳಗೆ ಮಾಹಿತಿ ಓಡಾಡುವ ದಾರಿಗೆ ಬಸ್ ಎಂದೇ ಹೆಸರು. ಯಂತ್ರ ಶುರುವಾಗುವಾಗ ಒಂದು ಕೀ ಒತ್ತಿದರೆ ನೀಲಿ ಬಣ್ಣದ ಪುಟ ಬರುತ್ತದೆ. ಅದರಲ್ಲಿ ಬಸ್ಸಿನ ವೇಗ ಅರವತ್ತಾರು ಎಂದಿತ್ತು. ಚಿಪ್ಪು ಓಡುವುದು ಅದರ ನಾಲ್ಕೂವರೆ ಪಟ್ಟು. ಅವನು ಅದನ್ನು ನೂರು ಮಾಡಿದ.

ಓಡಿತು. ಮಹೇಶನಿಗೆ ಮೈಯೆಲ್ಲ ಜುಮ್ಮೆಂದಿತು. ಅಷ್ಟು ದಿನ ಆಕಳಿಸಿಕೊಂಡು ಏಳುತ್ತಿದ್ದ ವಿಂಡೋಸು ಬಾಗಿಲ ಹಿಂದೆಯೇ ಕಾದು ನಿಂತಿದ್ದ ನೆಂಟನ ಹಾಗೆ ಎದುರಿಗೆ ಬಂತು. ಕಾರಿನ ಆಟ ಹಾಕಿಕೊಂಡು, ರೇಸ್ ಕೋರ್ಸಿನ ಮೈಕಿನವನ ದನಿಯಲ್ಲಿ ತನ್ನ ಆಟಕ್ಕೆ ತಾನೇ ವೀಕ್ಷಕ ವಿವರಣೆ ಕೊಡುತ್ತ ಕೂತ. ಕೊನೆಯ ತಿರುವಿನಲ್ಲಿ ಕಾರು ನಿಂತುಬಿಟ್ಟಿತು. ಕಾರಷ್ಟೇ ಅಲ್ಲ, ರಸ್ತೆ, ಮರ, ಮೋಡ ಎಲ್ಲ ನಿಂತವು. ಹೆಂಗ್ ಹ್ಯಾಂಗ್ ಆಯ್ತು ಅಂತ ಗೊತ್ತಾಗುವ ಮೊದಲೇ ಪರದೆ ಕಪ್ಪಾಯಿತು. ಮತ್ತೆ ಸ್ವಿಚ್ ಒತ್ತಿದರೆ ಬೀಪ್ ಶಬ್ದವೂ ಇಲ್ಲ.

ಅಭಿಲಾಷನಿಗೆ ಫೋನ್ ಹೋಯಿತು.

‘ಬಿಸಿ ಆಗಿರತ್ತೆ ಬುಡು. ಬೋರ್ಡ್ ಮೇಲೆ ರೂಪಾಯಿ ಬಿಲ್ಲೆಯಂಥ ಬ್ಯಾಟರಿ ಇದೆ ನೋಡು, ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕು. ನೀನು ಮಾಡಿದ್ದೆಲ್ಲ ಮರ್ತೋಗಿ ಹಳೇ ವೇಗಕ್ಕೆ ಬರತ್ತೆ. ಆಮೇಲೆ ಚಿಪ್ಪಿನ ಮೇಲಿರೋ ಫ್ಯಾನ್ ಬಿಚ್ಚು. ಕೆಳಗೆ ಬಿಳೀ ಪೇಸ್ಟ್ ಇರತ್ತೆ. ಒಣಗಿದ್ರೆ ಕೆರೆದು ಹೊಸದು ಹಚ್ಚು.’

ಬ್ಯಾಟರಿ ಕಿತ್ತು ಹಾಕಿದ. ಫ್ಯಾನು ಬಿಚ್ಚಿದ. ಅದರಡಿಯಲ್ಲಿ ಬಾಚಣಿಗೆಯಂತೆ ಹಲ್ಲು ಹಲ್ಲಾದ ಅಲ್ಯೂಮಿನಿಯಂ ತುಂಡು, ಅದರಡಿಯಲ್ಲಿ ಚಿಪ್ಪು, ಎರಡರ ನಡುವೆ ಒಣಗಿ ಬಿರಿದ ಬಿಳೀ ಪೇಸ್ಟು. ಹಳೆ ಬ್ಲೇಡಿನಲ್ಲಿ ಒಂದು ಚೂರೂ ಉಳಿಯದ ಹಾಗೆ ಕೆರೆದ. ಆಮೇಲೆ ಹೊಸದು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ಕಂಪ್ಯೂಟರ್ ಅಂಗಡಿಯವನು ದಸರಾ ಮುಗಿಯುವವರೆಗೆ ಷಟರ್ ಎಳೆದು ಊರಿಗೆ ಹೋಗಿದ್ದ. ಅತ್ತಿಗೆ ಹಬ್ಬದ ಬೆಳಗ್ಗೆ ಬಂದಿಳಿಯುತ್ತಾಳೆ.

ಮಹೇಶ ತಲೆ ಎತ್ತಿದಾಗ ಎದುರಿಗೆ ದೇವರ ಕೋಣೆ ಕಂಡಿತು. ದೇವರ ಕೋಣೆಯಲ್ಲಿ ವಿಭೂತಿ ಗಟ್ಟಿ ಕಂಡಿತು.

ಭೌತಶಾಸ್ತ್ರದ ವಿದ್ಯಾರ್ಥಿಯಾದ್ದರಿಂದ ಅವನು ಸುಮ್ಮನೆ ಹೋಗಿ ಮುರಿಯಲಿಲ್ಲ, ಯೋಚಿಸಿ ಮುರಿದ. ಬೆಳ್ಳಗಿದೆ. ನುಣ್ಣಗಿದೆ. ಬೆಂಕಿಯಲ್ಲಿ ಬೆಂದೇ ಬಂದದ್ದು, ಅಂದಮೇಲೆ ಬಿಸಿಗೆ ಹೆದರುವ ಪದಾರ್ಥವಲ್ಲ. ನೀರಲ್ಲಿ ತೇದು ಗಟ್ಟಿಯಾಗಿ ಕಲಸಿಕೊಂಡು, ಅಭ್ಯಾಸಬಲದಿಂದ ಮೂರು ಬೆರಳಲ್ಲೇ ಚಿಪ್ಪಿನ ಮೇಲೆ ಎಳೆದ. ಸಾಲದೆಂದು ಇನ್ನೂ ಮೂರು ಎಳೆದ. ಮೇಲೆ ಫ್ಯಾನಿನ ಸಮೇತ ಅಲ್ಯೂಮಿನಿಯಂ ಕೂರಿಸಿ ಕ್ಲಿಪ್ ಹಾಕಿದ.

ಈಗ ಯಂತ್ರ ಬೀಪ್ ಅಂದಿತು. ವಿಂಡೋಸಿನ ನೀಲಿ ಆಕಾಶ, ಬಿಳಿ ಮೋಡ, ಎಲ್ಲ ಬಂತು. ಅವನು ಕೈಮುಗಿಯುವಷ್ಟರಲ್ಲಿ ಪ್ರಾಣ ಬಿಟ್ಟಿತು. ಮತ್ತೆ ಒತ್ತಿದ, ಮತ್ತೆ ಮೋಡದವರೆಗೆ ಬಂದು ಕಣ್ಣು ಮುಚ್ಚಿತು. ಎಷ್ಟು ಸಲ ಮಾಡಿದರೂ ಅದೇ ಕಥೆ, ಮೋಡದಾಚೆಗೆ ಹೋಗಲೊಲ್ಲದು. ಚಿಪ್ಪು ಸುಟ್ಟೇ ಹೋಯಿತು, ಜೊತೆಗೆ ಪುಸ್ತಕವೂ ಹೋಯಿತು ಎಂದು ಮಹೇಶನಿಗೆ ಖಾತ್ರಿಯಾಯಿತು. ಎರಡನೇ ಪುಟದ ಕೆಳಗಿನ ಆ ಸಾಲು ಕಣ್ಣಿಗೆ ಕಟ್ಟಿತು. ಆ ರಾತ್ರಿ, ಮಾರನೆಯ ದಿನ ಪೂರ್ತಿ, ಮನೆಯಲ್ಲಿ ಯಾರ ದನಿಯೂ ಕೇಳಲಿಲ್ಲ. ‘ಹುಡುಗನಿಗೆ ಮೈ ಸರಿ ಇಲ್ವೇನೋ, ಕುಕ್ಕರ್ ಕೂಡ ಕೂಗಿಲ್ಲ’ ಎಂದು ಸಿದ್ದಲಿಂಗಮ್ಮ ಹಣೆ ಮುಟ್ಟಿ ನೋಡಿದರು.

ಆಯುಧಪೂಜೆಯ ಬೆಳಗ್ಗೆ ಅವರು ದೇವರ ಕೋಣೆಯಿಂದಲೇ ಕೇಳಿದರು. ‘ವಿಭೂತಿ ಗಟ್ಟಿ ಮೂಲೆ ಯಾರು ಮುರ್ದೋರು?’

ಮಹೇಶ ಹಣೆಯ ತುಂಬ ಪಟ್ಟೆ ಬಳಿದುಕೊಂಡು ಬಾಗಿಲಲ್ಲಿ ನಿಂತ. ‘ನಾನೇ ಅಮ್ಮ. ಇನ್ಮೇಲೆ ದಿನಾ ಹಚ್ಕೊಳ್ಳೋಣ ಅಂತ.’

ಮಗನಿಗೆ ಈಗಲಾದರೂ ಒಳ್ಳೆಯ ಬುದ್ಧಿ ಬಂತು ಎಂಬ ಸಂತೋಷದಲ್ಲಿ ತಂದೆ ಶಿವಮಲ್ಲಪ್ಪನವರು ಕಂಪ್ಯೂಟರಿಗೆ ತಾವೇ ಒಂದು ಮೊಳ ಸೇವಂತಿಗೆ ಹಾಕಿ, ಬಾಳೆಕಂದು ತರಲೆಂದು ಮೊಪೆಡ್ ಹತ್ತಿ ಹೋದರು. ಬಸ್ ಡಿಪೋದಲ್ಲಿ ವರ್ಕ್‌ಷಾಪಿನ ಮುಖ್ಯಸ್ಥರಾಗಿ ನಿವೃತ್ತರಾದವರು. ಆಯುಧಪೂಜೆ ಎಂದರೆ ಅವರಿಗೆ ಬೇರೆ ಹಬ್ಬವೆಲ್ಲ ಸಪ್ಪೆ. ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ಬೆಳಗಿನವರೆಗೆ ಯಾರೂ ಮುಟ್ಟಕೂಡದು ಎಂಬುದು ಮನೆಯ ಕಟ್ಟಳೆ. ಇಳಿಗೆಮಣೆಯನ್ನೂ ಮುಟ್ಟುವಂತಿಲ್ಲ. ಹಬ್ಬದ ತರಕಾರಿ ಹಿಂದಿನ ದಿನವೇ ಹೆಚ್ಚಿಡಬೇಕು. ಆ ಕಟ್ಟಳೆಯೇ ಮಹೇಶನಿಗೆ ಆವತ್ತು ಏಕಮಾತ್ರ ಆಸರೆ. ನಾಳೆಯವರೆಗೆ ಬದುಕು ಇದೆ.

ಅಷ್ಟರಲ್ಲಿ ಹೇಮಶ್ರೀ ಬಂದಳು. ಕೈಯಲ್ಲಿ ರಸಬಾಳೆ ಹಣ್ಣಿನ ಚೀಲ. ಅದನ್ನು ಕೆಳಗಿಡುವ ಮುಂಚೆಯೇ ಮುಂದಿನ ಕೋಣೆಗೆ ನಡೆದಳು.

‘ಇನ್ನೂ ಆರತಿ ಆಗಿಲ್ವಲ್ಲ ಅತ್ತೆ, ಒಂದೇ ಒಂದು ಪುಟ ನೋಡ್ಬುಡ್ತೀನಿ. ಮೇಳಿ ಚಿತ್ರ ತಲೆಕೆಳಗಾಗಿದ್ಯೇನೋ ಅಂತ ಮೇಷ್ಟ್ರಿಗೆ ಅನುಮಾನ.’

ಅವಳ ಕೈ ಸ್ವಿಚ್ಚಿನ ಹತ್ತಿರ ಹೋಗುವಾಗ ಹಜಾರದ ಬಾಗಿಲ ಹಿಂದಿನಿಂದ ಒಂದು ಕೆಮ್ಮು ಬಂತು, ಕೆಮ್ಮಿನ ಹಿಂದೆ ಶಿವಮಲ್ಲಪ್ಪನವರ ದಪ್ಪ ದನಿ ಬಂತು. ‘ಪೂಜೆಗಿಟ್ಟಿದ್ನ ಮುಟ್ಬೇಡ ಕಣಮ್ಮ. ನಾಳೆ ಬೆಳಗ್ಗೆ ಆಗ್ಲಿ.’

‘ಆಯ್ತು ಮಾವ’ ಎಂದು ಹೇಮಶ್ರೀ ಕೈ ಹಿಂದಕ್ಕೆ ಎಳೆದುಕೊಂಡಳು.

ಆಗ ಗೇಟು ಕಿರ್ರೆಂದಿತು. ಬಾಳೆಕಂದು ಎರಡನ್ನು ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು, ಎಲೆಗಳ ಸಂದಿಯಿಂದ ಮುಖ ಹೊರಹಾಕಿ ಶಿವಮಲ್ಲಪ್ಪನವರು ಕೇಳಿದರು. ‘ಏನಮ್ಮ, ಯಾವಾಗ ಬಂದೆ?’

ಹೇಮಶ್ರೀ ಮಾವನನ್ನು ನೋಡಿದಳು. ಹಜಾರದ ಬಾಗಿಲನ್ನು ನೋಡಿದಳು.

‘ಈಗ್ತಾನೇ ಮಾವ. ನಿಮ್ಮ ಹತ್ರಾನೇ ಮಾತಾಡ್ತಿದ್ದೆ.’

ಅವರು ಬಾಳೆಕಂದು ಇಳಿಸುವ ಗಡಿಬಿಡಿಯಲ್ಲಿ ಅದನ್ನು ಗಮನಿಸಲಿಲ್ಲ. ಹೇಮಶ್ರೀ ದನಿ ಏರಿಸದೆ ಕರೆದಳು. ‘ಮಹೇಶ, ಬಾ ಇಲ್ಲಿ.’

ಮಹೇಶ ಬಂದ. ಬಾಯಿ ತೆರೆದರೆ ಅಭ್ಯಾಸದಂತೆ ರೈಲ್ವೆ ಸ್ಟೇಷನ್ನಿನ ಹೆಂಗಸು ಹೊರಬಂದಳು. ‘ಪ್ರಯಾಣಿಕರ ಗಮನಕ್ಕೆ...’

‘ನಿನ್ನ ದನೀಲಿ ಹೇಳು’ ಅಂದಳು ಅತ್ತಿಗೆ.

ಅದು ಎಲ್ಲಿದೆ ಎಂದು ಹುಡುಕಿ ತೆಗೆಯುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಸಿಕ್ಕಿದಾಗ ತೀರಾ ಸಣ್ಣದಾಗಿತ್ತು. ಆ ಸಣ್ಣ ದನಿಯಲ್ಲೇ ವೇಗ ಏರಿಸಿದ್ದು, ಹ್ಯಾಂಗ್ ಆದದ್ದು, ಬ್ಯಾಟರಿ ಕಿತ್ತದ್ದು, ಈಗ ಮೋಡದವರೆಗೆ ಬಂದು ಸಾಯುತ್ತಿರುವುದು, ಎಲ್ಲ ಹೇಳಿದ. ವಿಭೂತಿಯ ಅಧ್ಯಾಯ ಒಂದನ್ನು ಬಿಟ್ಟ. ಯಂತ್ರ ನಿಲ್ಲುವುದಕ್ಕೆ ಅದೇ ಕಾರಣ ಎಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

ಹೇಮಶ್ರೀ ಕುರ್ಚಿಯ ಮೇಲೆ ಕೂತಳು. ಸೆರಗಿನ ಅಂಚನ್ನು ಒಂದು ಸುತ್ತು ಬೆರಳಿಗೆ ಸುತ್ತಿಕೊಂಡು ಬಿಟ್ಟಳು.

‘ಪುಸ್ತಕ ಇದ್ಯಾ?’

‘ಗೊತ್ತಿಲ್ಲ ಅತ್ಗೆ.’

‘ಸರಿ’ ಎಂದು ಎದ್ದಳು. ಬೈಗುಳಕ್ಕೆ ಕಾಯುತ್ತಿದ್ದ ಮಹೇಶನಿಗೆ ಆ ‘ಸರಿ’ ಬೈಗುಳಕ್ಕಿಂತ ಭಾರವಾಗಿ ಬಿತ್ತು. ಅವಳು ನೇರ ಅಂಗಳಕ್ಕೆ ಹೋಗಿ ಮಾವನ ಎದುರು ನಿಂತಳು.

‘ಮಾವ, ಕಂಪ್ಯೂಟರ್ ಕೆಟ್ಟಿದೆ. ಬಿಚ್ಬೇಕು. ನೀವು ಬೇಡ ಅಂದ್ರೆ ನಾಳೆವರೆಗೂ ಇರ್ತೀನಿ. ಆದ್ರೆ ಕೆಟ್ಟು ನಿಂತಿರೋದಕ್ಕೆ ಪೂಜೆ ಮಾಡ್ಬೋದಾ?’

ಶಿವಮಲ್ಲಪ್ಪನವರು ಬಾಳೆಕಂದು ಕಟ್ಟುವುದನ್ನು ನಿಲ್ಲಿಸಿದರು. ಡಿಪೋದ ಇಪ್ಪತ್ತೆಂಟು ಆಯುಧಪೂಜೆಗಳು ಅವರ ಕಣ್ಣ ಮುಂದೆ ಸಾಲಾಗಿ ಹಾದುಹೋದ ಹಾಗೆ ಕಂಡಿತು.

‘ಸ್ಟಾರ್ಟ್ ಆಗದ ಗಾಡಿಗೆ ನಾನು ಯಾವತ್ತೂ ಕುಂಬಳಕಾಯಿ ಒಡೆದಿಲ್ಲ ಕಣಮ್ಮ. ಮೊದ್ಲು ಸ್ಟಾರ್ಟ್ ಮಾಡ್ಸು, ಆಮೇಲೆ ಆರತಿ. ಏನಾಗಿದೆ?’

‘ಮಹೇಶ ಬಸ್ಸಿನ ವೇಗ ಅರವತ್ತಾರರಿಂದ ನೂರಕ್ಕೆ ಏರಿಸಿದಾನೆ.’

‘ಬಸ್ಸಾ?’ ಶಿವಮಲ್ಲಪ್ಪನವರು ಮಗನ ಕಡೆ ತಿರುಗಿದರು. ‘ವೇಗ ಕಟ್ಟಿಹಾಕೋ ಗವರ್ನರ್ ಕಿತ್ತಾಕಿ ಓಡಿಸ್ದ್ಯೇನೋ? ಅದಕ್ಕೆ ಸೀಲ್ ಯಾಕೆ ಹಾಕಿರ್ತಾರೆ ಅಂದ್ಕೊಂಡೆ? ಎಷ್ಟು ದೂರ ಓಡ್ತು?’

‘ಒಂದು ಆಟದ ತನಕ ಅಪ್ಪ.’

‘ಹಂಗಾದ್ರೆ ಕುದ್ದಿರತ್ತೆ’ ಎಂದು ಅವರು ಸೇವಂತಿಗೆ ಹಾರವನ್ನು ತಾವೇ ತೆಗೆದು ಟೀವಿಯ ಮೇಲಿಟ್ಟರು.

ಹೇಮಶ್ರೀ ಮಹೇಶನ ಕೈಲಿ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಸಿ, ಸ್ವಿಚ್ ಹಾಕು ಅಂದಳು. ಹಾಕಿ ನೋಡಿದರೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಫ್ಯಾನು ತಿರುಗಿತು, ಒಳಗಿನ ಡಿಸ್ಕು ರಾಗಿ ಬೀಸಿದಂತೆ ಗರಗರ ಅಂದಿತು, ಬೀಪ್ ಆಯಿತು, ಮತ್ತೆ ಗರಗರ, ಆಮೇಲೆ ಫ್ಯಾನಿನ ಸದ್ದೊಂದೇ ಉಳಿಯಿತು.

‘ಡಿಸ್ಕ್ ಚೆನ್ನಾಗಿದೆ’ ಅಂದಳು ಕಣ್ಣು ತೆರೆಯದೆ. ‘ದಿನಾ ಬೆಳಗ್ಗೆ ಕೇಳ್ತೀನಲ್ಲ, ಇದೇ ಸದ್ದು. ಮೊದಲು ಮೂರು ಗಿರಕಿ, ಆಮೇಲೆ ಒಂದು ಉದ್ದ. ಒಂಚೂರೂ ತಪ್ಪಿಲ್ಲ. ಚಿಪ್ಪೂ ಸತ್ತಿಲ್ಲ. ಸತ್ತಿದ್ರೆ ಬೀಪ್ ಅಂತಿತ್ತಾ?’

ಮಹೇಶನೂ ಪೆಟ್ಟಿಗೆಗೆ ಕಿವಿ ಹಚ್ಚಿದ. ಪ್ರಪಂಚದ ಶಬ್ದಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗುವ ತಾನು ಈ ಯಂತ್ರದ ಎದುರು ಇಷ್ಟು ದಿನ ಕೂತೂ ಇದನ್ನು ಕೇಳಿಸಿಕೊಂಡಿರಲಿಲ್ಲ. ಅವನು ಕೇಳುತ್ತಿದ್ದದ್ದು ಇನ್ನೊಬ್ಬರಿಗೆ ಆಡಿ ತೋರಿಸುವುದಕ್ಕೆ. ಇವಳು ಕೇಳುತ್ತಿದ್ದದ್ದು ಸುಮ್ಮನೆ ಕೇಳುವುದಕ್ಕೆ.

‘ಮತ್ಯಾಕೆ ನಿಲ್ತಿದೆ ಅತ್ಗೆ?’

ಅವಳು ಸ್ವಿಚ್ ಆರಿಸಿ, ವೈರು ಕೀಳಿಸಿ, ಕೈಬಳೆ ಮೇಲಕ್ಕೆ ಏರಿಸಿಕೊಂಡು, ಅಲ್ಯೂಮಿನಿಯಂ ತುಂಡಿನ ಬದಿಗೆ ಬೆರಳಿಟ್ಟಳು. ತಕ್ಷಣ ತೆಗೆಯುತ್ತಾಳೆ ಎಂದುಕೊಂಡರೆ ತೆಗೆಯಲಿಲ್ಲ. ಅಂಗೈಯನ್ನೇ ಊರಿದಳು.

‘ತಣ್ಣಗಿದೆ.’

‘ಒಳ್ಳೇದಲ್ವಾ?’

‘ಅಲ್ಲ ಮಹೇಶ. ಒಲೆ ಮೇಲೆ ಕಾವಲಿ ಇಟ್ಟಿದೀಯ. ಒಲೆ ಉರೀತಿದೆ, ಕಾವಲಿ ತಣ್ಣಗಿದೆ. ಅಂದ್ರೇನು? ಬಿಸಿ ಮೇಲಕ್ಕೇ ಬರ್ತಿಲ್ಲ. ನಡುವೆ ಏನೋ ಅಡ್ಡ ಕೂತಿದೆ. ಚಿಪ್ಪು ಒಳಗೊಳಗೇ ಬೆಂದು ತಲೆ ತಿರುಗಿ ಬೀಳ್ತಿದೆ. ನಡುವೆ ಏನು ಹಾಕ್ದೆ?’

ಬಿಸಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಎರಡು ವರ್ಷ ಪರೀಕ್ಷೆಯಲ್ಲಿ ಬರೆದಿದ್ದ ಮಹೇಶನಿಗೆ ಆಗ ಹೊಳೆಯಿತು. ಹಣೆಯ ಮೇಲಿದ್ದ ಪಟ್ಟೆಯನ್ನು ಬೆರಳಿಂದ ಮುಟ್ಟಿ ತೋರಿಸಿದ.

ಅವಳು ಸ್ಕ್ರೂಡ್ರೈವರಿನಿಂದ ಕ್ಲಿಪ್ಪನ್ನು ಮೆಲ್ಲಗೆ ಎತ್ತಿದಳು. ತುಂಡು ಮೇಲೆ ಬಂತು. ಕೆಳಗೆ ಒಣಗಿ ಹಕ್ಕಳೆಗಟ್ಟಿದ ವಿಭೂತಿ. ಅಂಚಿನಲ್ಲಿ ಮೂರು ಬೆರಳಿನ ಗುರುತು ಇನ್ನೂ ಸ್ಪಷ್ಟವಾಗಿತ್ತು.

ಸಿದ್ದಲಿಂಗಮ್ಮ ಇಣುಕಿ ನೋಡಿ, ‘ಒಳಗೂ ಹಚ್ಬೇಕಾ ಇದಕ್ಕೆ?’ ಅಂದರು.

ಹೇಮಶ್ರೀ ನಗುತ್ತಾಳೆ ಎಂದು ಮಹೇಶ ಕಾದ. ಅವಳು ನಗಲಿಲ್ಲ. ಹತ್ತಿಗೆ ಸ್ಪಿರಿಟ್ ಅದ್ದಿಕೊಂಡು ಮಗುವಿನ ಕಿವಿಯ ಹಿಂದೆ ಒರೆಸುವಂತೆ ಚಿಪ್ಪನ್ನು ಒರೆಸುತ್ತ ಕೂತಳು. ಬೂದಿ ಮುಚ್ಚಿದ ಕೆಂಡ ಎಂದು ಪ್ರಬಂಧಗಳಲ್ಲಿ ಎಷ್ಟೋ ಸಲ ಬರೆದಿದ್ದ ಮಹೇಶ ಅದನ್ನು ಕಣ್ಣಾರೆ ಕಂಡದ್ದು ಅವತ್ತೇ. ‘ಇದು ತೆಳ್ಳಗೆ ಎಣ್ಣೆ ಥರದ್ದಿರ್ಬೇಕು’ ಅಂದಳು ಕೊನೆಗೆ. ‘ಎರಡೂ ಒಂದಕ್ಕೊಂದು ಅಂಟಿರೋ ಹಾಗೆ. ನೀನು ನಡುವೆ ಗೋಡೆ ಕಟ್ಟಿದೀಯ. ಅಭಿಲಾಷನ ಹತ್ರ ಪೇಸ್ಟ್ ಇದ್ರೆ ತರಕ್ಕೆ ಹೇಳು.’

ಅಭಿಲಾಷ್ ತನ್ನ ಲೂನಾದಲ್ಲಿ ಬಂದ. ಟ್ಯೂಬು ಖಾಲಿಯಾಗಿತ್ತಂತೆ. ಕತ್ತರಿಸಿ, ಒಳಗೆ ಉಳಿದಿದ್ದನ್ನು ಕೆರೆದು, ಅವರಜ್ಜಿಯ ಸುಣ್ಣದ ಡಬ್ಬಿಯಲ್ಲಿ ತಂದಿದ್ದ. ಡಬ್ಬಿಯನ್ನು ಹಜಾರದ ಸ್ಟೂಲಿನ ಮೇಲಿಟ್ಟು ಚಪ್ಪಲಿ ಬಿಡುವಷ್ಟರಲ್ಲಿ ಶಿವಮಲ್ಲಪ್ಪನವರು ವೀಳ್ಯದೆಲೆಯ ತೊಟ್ಟು ಮುರಿದು, ಬೆರಳನ್ನು ಡಬ್ಬಿಗೆ ಅದ್ದಿ ಆಗಿತ್ತು.

‘ಮಾವ, ಅದು ಸುಣ್ಣ ಅಲ್ಲ’ ಎಂದು ಹೇಮಶ್ರೀ ಒಳಗಿನಿಂದಲೇ ಅಂದಳು. ಡಬ್ಬಿಯ ಮುಚ್ಚಳದ ಸದ್ದು ಕೇಳಿಯೇ ಅವಳು ಅಂದದ್ದು. ಶಿವಮಲ್ಲಪ್ಪನವರು ಬೆರಳನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದುಕೊಂಡು ಕೂತರು. ಅವರ ಬೆರಳಿನ ತುದಿಯಲ್ಲಿದ್ದದ್ದೇ ಸಾಕಾಯಿತು. ಚಿಪ್ಪಿಗೆ ಬೇಕಾದದ್ದು ಒಂದು ಕಾಳಿನಷ್ಟು.

‘ನಿಂದು ನಾನೂರೈವತ್ತರಲ್ಲಿ ಚೆನ್ನಾಗಿ ಓಡ್ತಿದ್ಯಾ ಅಭಿ?’ ಎಂದು ಹೇಮಶ್ರೀ ಪೇಸ್ಟ್ ಹರಡುತ್ತ ಕೇಳಿದಳು.

ಅಭಿಲಾಷ್ ಮೊದಲು ಮಹೇಶನನ್ನು ನೋಡಿ, ಆಮೇಲೆ ತಾರಸಿ ನೋಡಿದ. ‘ಓಡ್ತಿತ್ತಕ್ಕ. ಒಂದಿನ. ಈಗ ಮುನ್ನೂರರಲ್ಲೇ ಇಟ್ಟಿದೀನಿ.’

‘ಹಗ್ಗ ಬಿಚ್ಬುಟ್ಟೆ ಅಂದ್ಯಲ್ಲೋ’ ಅಂದ ಮಹೇಶ.

‘ಬಿಚ್ಚಿದ್ದೆ. ವಾಪಸ್ ಕಟ್ಟಿದೀನಿ ಅಂತ ನೀನು ಕೇಳ್ಲಿಲ್ಲ.’

ತುಂಡು ಕೂರಿಸಿ, ಕ್ಲಿಪ್ ಹಾಕಿ, ಸ್ವಿಚ್ ಒತ್ತಿದರು. ಬೀಪ್. ಗರಗರ. ಮೋಡ ಬಂತು. ಎಲ್ಲರೂ ಮೋಡ ನೋಡಿದರು, ಬೇಸಗೆಯಲ್ಲಿ ರೈತ ನೋಡುವ ಹಾಗೆ. ಮೋಡ ಸರಿಯಿತು. ಪರದೆ ತೆರೆಯಿತು. ಹೇಮಶ್ರೀ ತುಂಡಿನ ಅಂಚಿಗೆ ಬೆರಳಿಟ್ಟು, ‘ಬೆಚ್ಚಗಾಗ್ತಿದೆ’ ಅಂದಳು. ಆ ಮಾತು ಅಷ್ಟು ಚೆಂದ ಕೇಳಬಹುದೆಂದು ಮಹೇಶನಿಗೆ ಗೊತ್ತಿರಲಿಲ್ಲ.

ಅವಳು ಪುಸ್ತಕದ ಫೈಲು ತೆರೆದಳು. ಪರದೆಯ ತುಂಬ ಕನ್ನಡವೇ ಇರಲಿಲ್ಲ. ಟೋಪಿ ಹಾಕಿದ, ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ಪ್ರಶ್ನಾರ್ಥಕ, ಚುಕ್ಕೆ. ಹುಚ್ಚು ಹಿಡಿದ ಟೈಪ್‌ರೈಟರು ವಾಂತಿ ಮಾಡಿಕೊಂಡ ಹಾಗೆ ಪುಟದ ಮೇಲೆ ಪುಟ.

‘ಹೋಯ್ತು’ ಅಂದ ಅಭಿಲಾಷ್. ‘ಡೇಟಾ ಎಲ್ಲ ಕಲಸಿಹೋಗಿದೆ ಅಕ್ಕ.’

ಮಹೇಶ ಗೋಡೆಗೆ ಒರಗಿದ. ಆರು ತಿಂಗಳು. ಎರಡನೇ ಪುಟದ ಆ ಸಾಲು. ಅತ್ತಿಗೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಮುಂದಕ್ಕೆ ಬಾಗಿ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ, ದಿನಪತ್ರಿಕೆ ಓದುವ ದನಿಯಲ್ಲಿ, ಓದತೊಡಗಿದಳು.

‘ಮೇಳಿ. ನೇಗಿಲಿನ ಹಿಡಿ. ಉಳುವವನು ಒಂದು ಕೈಯಲ್ಲಿ ಮೇಳಿ ಹಿಡಿದು, ಇನ್ನೊಂದು ಕೈಯಲ್ಲಿ ಬಾರುಕೋಲು ಹಿಡಿಯುತ್ತಾನೆ. ಮೇಳಿಯ ಮೇಲೆ ಕೈಯ ಭಾರ ಹೆಚ್ಚಾದರೆ ಗುಳ ಆಳಕ್ಕೆ ಇಳಿಯುತ್ತದೆ.’

ಅಭಿಲಾಷ್ ಪರದೆಗೆ ಮೂಗು ತಾಗಿಸಿ ನೋಡಿದ.

‘ಬಾಯಿಪಾಠ ಬರತ್ತಾ ಅತ್ಗೆ?’ ಅಂದ ಮಹೇಶ.

‘ಇಷ್ಟು ದಪ್ಪದ ಪುಸ್ತಕಾನಾ? ಓದ್ತಿದೀನಿ. ಯಂತ್ರದೊಳಗೆ ಕನ್ನಡ ಇರೋದೇ ಹೀಗೆ. ಮೇಲೆ ಫಾಂಟು ಬಟ್ಟೆ ಹಾಕಿಸತ್ತೆ. ನೀನು ಪದೇ ಪದೇ ಬೀಳಿಸಿ ಏಳಿಸಿದ್ದಕ್ಕೆ ಆ ಬಟ್ಟೆ ಹರಿದಿದೆ, ಮೈ ನೆಟ್ಟಗಿದೆ. ನೋಡು, ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರೋ ಎ. ಅದು ಕ. ಪೌಂಡಿನ ಗುರುತು ಬಂದ್ರೆ ನ. ಹಾಳಾಗಿದ್ರೆ ಸಾಲು ಸಾಲಿಗೂ ಹೊಂದ್ತಿರ್ಲಿಲ್ಲ.’

ಶಿವಮಲ್ಲಪ್ಪನವರಿಗೆ ನಂಬಿಕೆ ಬರಲಿಲ್ಲ. ಕನ್ನಡಕ ಏರಿಸಿ, ಪರದೆಯ ನಡುವೆ ಒಂದು ಕಡೆ ಬೆರಳಿಟ್ಟರು. ‘ಇದೇನಮ್ಮ?’

‘ಮಿಣಿ. ಚರ್ಮದ ಹಗ್ಗ.’

‘ಇದು?’

‘ಅದು ಮೇಷ್ಟ್ರ ಊರಿನವ್ರು ಎತ್ತಿಗೆ ಬೈಯೋ ಮಾತು ಮಾವ. ಓದ್ಲಾ?’

‘ಬೇಡ ಬುಡು, ಹಬ್ಬದ ದಿನ’ ಎಂದು ಅವರು ಬೆರಳು ತೆಗೆದರು. ಆಮೇಲೆ ಸೊಸೆಯನ್ನು ನೋಡಿದ ನೋಟವನ್ನು ಮಹೇಶ ಅಪ್ಪನ ಮುಖದಲ್ಲಿ ಒಂದೇ ಸಲ ಕಂಡಿದ್ದ. ಎಂಜಿನ್ ಸದ್ದು ಕೇಳಿಯೇ ಯಾವ ಗಾಡಿ ಎಂದು ಹೇಳುತ್ತಿದ್ದ ತಮ್ಮ ಹಳೆಯ ಗುರುಗಳು ಸಿಕ್ಕಿದ್ದಾಗ.

ಹೇಮಶ್ರೀ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದ ಫಾಂಟಿನ ಸಿ.ಡಿ. ತಂದು ಹಾಕಿದಳು. ಯಂತ್ರ ಸ್ವಲ್ಪ ಹೊತ್ತು ಗೊಣಗಿತು. ಆಮೇಲೆ ಪರದೆಯ ಮೇಲಿನ ಟೋಪಿ, ಕೊಂಬು, ಪೌಂಡುಗಳೆಲ್ಲ ಒಮ್ಮೆಗೇ ಮೈ ಕೊಡವಿಕೊಂಡು ಕನ್ನಡವಾದವು. ದುಂಡು ದುಂಡಗೆ, ಸ್ನಾನ ಮಾಡಿ ಹಬ್ಬಕ್ಕೆ ನಿಂತ ಮಕ್ಕಳ ಹಾಗೆ. ಮೇಳಿಯ ಚಿತ್ರ ಸರಿಯಾಗಿಯೇ ಇತ್ತು. ಅವಳು ಎರಡನೇ ಪುಟಕ್ಕೆ ಹೋಗಿ ಕೆಳಗಿನ ಸಾಲನ್ನು ನೋಡಿದಳು. ಈ ಸಲ ಯಾರಿಂದಲೂ ಮರೆಮಾಡಲಿಲ್ಲ. ಸಿದ್ದಲಿಂಗಮ್ಮ ಅದನ್ನು ಗಟ್ಟಿಯಾಗಿ ಓದಿದರು, ಎರಡು ಸಲ.

ಆ ಕ್ಷಣ ಪೆಟ್ಟಿಗೆಯೊಳಗೆ ತಿರುಗುತ್ತಿದ್ದ ಫ್ಯಾನು ಒಂದು, ಹೊರಗೆ ಬೆರಗಾಗಿ ನಿಂತಿದ್ದ ಅತ್ತಿಗೆಯ ಫ್ಯಾನು ಇನ್ನೊಂದು.

ಆರತಿಯಾಯಿತು. ಶಿವಮಲ್ಲಪ್ಪನವರು ಹಾರ ಮತ್ತೆ ಹಾಕಿದರು, ಈ ಸಲ ಗಾಳಿಯಾಡುವ ತೂತುಗಳನ್ನು ಬಿಟ್ಟು. ಹೇಮಶ್ರೀ ವಿಭೂತಿಯ ತಟ್ಟೆಯನ್ನು ಮಹೇಶನ ಮುಂದೆ ಹಿಡಿದು, ಪೆಟ್ಟಿಗೆಯ ಮುಂಭಾಗವನ್ನು ತೋರಿಸಿದಳು. ‘ಹಣೆ ಇಲ್ಲಿದೆ. ಇಲ್ಲಿ ಹಚ್ಚು.’ ಅವನು ಮೂರು ಬೆರಳಲ್ಲಿ ಎಳೆದ.

‘ನಾಳೆ ನೀನು ಜಂಬೂಸವಾರಿಗೆ ಹೋಗ್ತಿಲ್ಲ’ ಅಂದಳು. ‘ಇಲ್ಲೇ ಕೂತು ಪ್ರಿಂಟರಿಗೆ ಒಂದೊಂದೇ ಬಟರ್ ಪೇಪರ್ ಕೊಡ್ತೀಯ. ಅಂಗಡಿ ತೆಗೆದ ದಿನ ಫ್ಲಾಪಿ ಡ್ರೈವ್ ತರ್ತೀಯ.’

‘ಪ್ರಯಾಣಿಕರ ಗಮ...’ ಎಂದವನು ನಿಲ್ಲಿಸಿ, ತನ್ನ ದನಿಯಲ್ಲಿ ‘ತರ್ತೀನಿ ಅತ್ಗೆ’ ಅಂದ.

ಊಟವಾಗಿ ಮನೆ ತಣ್ಣಗಾಯಿತು. ಅಭಿಲಾಷ್ ಸುಣ್ಣದ ಡಬ್ಬಿಯನ್ನು ಒಂದು ಜೇಬಿಗೆ, ಸಿಹಿಯ ಪೊಟ್ಟಣವನ್ನು ಇನ್ನೊಂದು ಜೇಬಿಗೆ ಹಾಕಿಕೊಂಡು ಹೋಗಿದ್ದ. ಮಹೇಶ ಮುಂದಿನ ಕೋಣೆಯಲ್ಲಿ ಒಬ್ಬನೇ ಕೂತು ಹಾರ ಹಾಕಿಕೊಂಡ ಯಂತ್ರವನ್ನು ನೋಡಿದ. ಹೊಸ ಪೇಸ್ಟು ಹಚ್ಚಿದೆ. ಈಗ ಬಿಸಿ ಸರಿಯಾಗಿ ಮೇಲೆ ಬರುತ್ತದೆ. ನೂರು ಬೇಡ, ಎಪ್ಪತ್ತೈದು. ಓಡಿಸುವುದೂ ಬೇಡ, ನೀಲಿ ಪುಟದಲ್ಲಿ ಆ ಆಯ್ಕೆ ಇದೆಯೋ ಇಲ್ಲವೋ ಎಂದು ಒಮ್ಮೆ ನೋಡಿದರೆ ತಪ್ಪೇನು. ಕೈ ತಾನಾಗಿ ಸೇವಂತಿಗೆಯ ಸಂದಿಯಲ್ಲಿ ಸ್ವಿಚ್ಚಿನ ಕಡೆ ಸರಿಯಿತು.

ಹಜಾರದ ಬಾಗಿಲ ಹಿಂದಿನಿಂದ ಒಂದು ಕೆಮ್ಮು ಬಂತು.

‘ಪೂಜೆಗಿಟ್ಟಿದ್ನ ಮುಟ್ಬೇಡ ಕಣೋ. ನಾಳೆ ಬೆಳಗ್ಗೆ ಆಗ್ಲಿ.’

ಮಹೇಶ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ‘ಇಲ್ಲಪ್ಪ, ಹೂವು ಸರಿ ಮಾಡ್ತಿದ್ದೆ’ ಅಂದ. ಅನ್ನುತ್ತಿರುವಾಗಲೇ ಕಿಟಕಿಯಾಚೆ ಕಂಡಿತು. ಶಿವಮಲ್ಲಪ್ಪನವರು ಅಂಗಳದ ಆರಾಮಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಎದೆಯ ಮೇಲೆ ಎಲೆಯಡಿಕೆ ತಟ್ಟೆ ಏರಿ ಇಳಿಯುತ್ತಿತ್ತು.

ಅವನು ಮೆಲ್ಲಗೆ ಬಾಗಿಲ ಕಡೆ ತಿರುಗಿದ. ಹೇಮಶ್ರೀ ಒಗೆದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಅವನನ್ನು ನೋಡದೆ ಹಾದುಹೋದಳು.

‘ಅತ್ಗೆ, ಆ ಕೆಮ್ಮು’ ಅಂದ ಮಹೇಶ. ‘ಅದು ನಂಗೂ ಅಷ್ಟು ಸರಿಯಾಗಿ ಬರಲ್ಲ.’

‘ಹೂಂ’ ಅಂದಳು ಅತ್ತಿಗೆ.